ಮೊಟ್ಟೆಗೆ ಬೂದಿ ಗೆರೆ

ಅಂತರಸಂತೆ ಕಡೆಯ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವ ಕೆಂಪಾಜಮ್ಮನ ಬಾಯಿಗೆ ಊರೇ ಹೆದರುತ್ತದೆ. ಹೆದರದವರು ಇಬ್ಬರೇ. ಒಬ್ಬ ಗಂಡ ಮರಿಯಯ್ಯ, ಅವನಿಗೆ ಕಿವಿ ಮಂದ. ಇನ್ನೊಬ್ಬರು ಹುಣಸೂರಿನ ಹೈಸ್ಕೂಲ್ ಟೀಚರ್ ಮಾನಸ, ಅವರಿಗೆ ಹಕ್ಕಿಯ ಹುಚ್ಚು.

ಬೇಸಿಗೆಗೆ ನೀರು ಇಳಿದಾಗ ಹಿನ್ನೀರಿನ ನಡುವೆ ಮರಳುದಿಬ್ಬಗಳು ತಲೆ ಎತ್ತುತ್ತವೆ. ಯುಗಾದಿಯ ಹೊತ್ತಿಗೆ ಚಳಿಗಾಲದ ಹೆಬ್ಬಾತುಗಳು ಗಂಟುಮೂಟೆ ಕಟ್ಟಿ ಹಿಮಾಲಯದಾಚೆಗೆ ಹೊರಟರೆ, ಹಳದಿ ಕೊಕ್ಕಿನ ರೀವ ಹಕ್ಕಿಗಳು ಬಂದು ದಿಬ್ಬದ ಬರೀ ನೆಲದಲ್ಲೇ ಮೊಟ್ಟೆ ಇಡುತ್ತವೆ. ಮಾನಸ ಭಾನುವಾರಗಳಂದು ಕೆಂಪಾಜಮ್ಮನ ತೆಪ್ಪ ಹತ್ತಿ, ಹೋದ ಹಕ್ಕಿ ಬಂದ ಹಕ್ಕಿ ಎಲ್ಲ ಬರೆದುಕೊಳ್ಳುತ್ತಾರೆ. ಈ ಸಲ ಒಂದು ದಿಬ್ಬದಲ್ಲಿ ರೀವದ ಏಳು ಗೂಡು ಸಿಕ್ಕವು. ಹೋದ ವರ್ಷ ಎಮ್ಮೆಗಳು ಈಜಿ ಬಂದು ತುಳಿದು, ಒಂದು ಮರಿಯೂ ಉಳಿದಿರಲಿಲ್ಲ.

"ಮೂರು ವಾರ ನಂಗೆ ಪರೀಕ್ಷೆ ಡ್ಯೂಟಿ. ನೀವೇ ನೋಡ್ಕೋಬೇಕು, ಅಮ್ಮ," ಎಂದರು ಮಾನಸ.

"ನೀನು ಓಗವ್ವ. ನಾನಿಲ್ವಾ?"

ಕಣದಲ್ಲಿ ರಾಗಿ ರಾಶಿ ಹಾಕಿದಾಗ ಸುತ್ತ ಬೂದಿ ಗೆರೆ ಎಳೆಯುವುದು ಕೆಂಪಾಜಮ್ಮ ಹುಟ್ಟಿದಾಗಿನಿಂದ ಕಂಡ ಪದ್ಧತಿ. ಗೆರೆಯೊಳಗಿನ ಕಾಳಿಗೆ ಕೆಟ್ಟ ಕಣ್ಣು ತಾಗದು, ಪೀಡೆ ಮುಟ್ಟದು. ಮೊಟ್ಟೆಯೇನು ರಾಗಿಗಿಂತ ಕಡಿಮೆಯೇ? ಮಾರನೆಯ ದಿನವೇ ಒಲೆಯ ಬೂದಿ ಒಯ್ದು ಏಳು ಗೂಡಿಗೂ ಸುತ್ತ ಎಳೆದು ಬಂದಳು. ಎಮ್ಮೆ ಕಾಯುವವರು ಗೆರೆ ಕಂಡು ಬೇರೆ ಕಡೆ ಹೊಡೆದುಕೊಂಡು ಹೋದರು. ಹೆದರಿದ್ದು ಬೂದಿಗೋ ಕೆಂಪಾಜಮ್ಮನ ಬಾಯಿಗೋ, ಹೇಳುವುದು ಕಷ್ಟ.

ಆದರೆ ಕಾಗೆಗೆಲ್ಲಿಯ ಶಾಸ್ತ್ರ? ಮೂರನೆಯ ದಿನ ಎರಡು ಗೆರೆಯೊಳಗೆ ಬರೀ ಒಡೆದ ಚಿಪ್ಪು. ಮರಳಿನ ಬಣ್ಣದ ಮೊಟ್ಟೆ ಸುಲಭಕ್ಕೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಬಿಳಿ ಗೆರೆ ಎಳೆದು ಇಲ್ಲಿದೆ ಬಾ ಎಂದು ಕಾಗೆಗೆ ತೋರಿಸಿದವಳು ಅವಳೇ.

"ಕಾಗೆಗೆ ಎಲೆ ಆಕಿ ಬಡಿಸ್ಬುಟ್ಟೆಯಲ್ಲೇ!" ಎಂದು ಮರಿಯಯ್ಯ ನಕ್ಕ.

ಕೆಂಪಾಜಮ್ಮ ಬೈಯಲಿಲ್ಲ. ಮರಿಯಯ್ಯನಿಗೆ ಗಾಬರಿಯಾಗಿದ್ದು ಅದಕ್ಕೇ. ಕಾಪಾಡುತ್ತೇನೆಂದು ಹೋಗಿ ಕೈಯಾರೆ ಕೊಂದೆನಲ್ಲ ಎಂಬ ಸಂಕಟಕ್ಕೆ ಅಂದು ಅವಳು ಮುದ್ದೆಯ ತಟ್ಟೆಯನ್ನು ಹಾಗೇ ಎತ್ತಿಟ್ಟಳು.

ಬೆಳಿಗ್ಗೆ ಹೋಗಿ ಗೆರೆ ಅಳಿಸಿ ನೋಡಿದಳು. ಬೂದಿಯ ಬಿಳುಪು ಮರಳಿಗೆ ಅಂಟಿಕೊಂಡಿತ್ತು. ಕಾಗೆಗಳು ಆಗಲೇ ಒಣಮರದ ಮೇಲೆ ಕೂತು ಕಾಯುತ್ತಿದ್ದವು. ಸೊಂಟಕ್ಕೆ ಸೆರಗು ಸಿಕ್ಕಿಸಿ ವಾಪಸು ಬಂದವಳೇ ಕೇರಿಯ ಮನೆಮನೆ ತಿರುಗಿ ಎರಡು ಚೀಲ ಬೂದಿ ಕೂಡಿಸಿದಳು. ಗೂಡಿಲ್ಲದ ಕಡೆಯೆಲ್ಲ, ದಿಬ್ಬದ ಈ ತುದಿಯಿಂದ ಆ ತುದಿಗೆ, ಸುತ್ತು ಎಳೆದದ್ದೇ ಎಳೆದದ್ದು. ನೂರಾದರೂ ಆದವು.

ಕಾಗೆ ಬಂತು. ಒಂದು ಸುತ್ತಿಗೆ ಇಳಿದು ಕತ್ತು ಓರೆ ಮಾಡಿತು, ಬರೀ ಮರಳು. ಇನ್ನೊಂದು, ಅದೂ ಮರಳು. ಅಷ್ಟರಲ್ಲಿ ರೀವಗಳು ಮೇಲಿಂದ ಎರಗಿ ಕುಕ್ಕತೊಡಗಿದವು.

"ಉಣ್ಣು ಬಾರ್ಲಾ, ಎಲೆ ಆಕಿವ್ನಿ!" ಎಂದು ಕೆಂಪಾಜಮ್ಮ ತೆಪ್ಪದಿಂದಲೇ ಕೂಗಿದಳು. ಎರಡು ದಿನ ಸುತ್ತಿ ಸುಸ್ತಾದ ಕಾಗೆಗಳು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ನಾಲ್ಕನೆಯ ಭಾನುವಾರ ಮಾನಸ ತೆಪ್ಪ ಹತ್ತಿ ದಿಬ್ಬದ ಬಳಿ ಬಂದಾಗ ರೀವಗಳು ಕೆಂಪಾಜಮ್ಮನ ತಲೆಗೇ ಗುರಿಯಿಟ್ಟು ಎರಗಿದವು. "ನೋಡವ್ವ, ನಿಯತ್ತೇ ಇಲ್ಲ ಇವುಕ್ಕೆ," ಎಂದು ಅವಳು ಮೀನಿನ ಬುಟ್ಟಿಯನ್ನು ತಲೆಗೆ ಕವುಚಿಕೊಂಡು ನಕ್ಕಳು. ಮಾನಸ ದುರ್ಬೀನು ಹಿಡಿದು ಎಣಿಸಿದರು.

"ಐದು ಗೂಡು, ಒಂಬತ್ತು ಮರಿ! ಗೆದ್ದುಬಿಟ್ರಿ, ಅಮ್ಮ. ಮಿಕ್ಕಿದ ಎರಡನ್ನ ಎಮ್ಮೆ ತುಳೀತಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಹಾಗೇ ಅನ್ನು ಎಂದು ಮರಿಯಯ್ಯ ಹೇಳಿಯೂ ಕಳಿಸಿದ್ದ.

"ಎಮ್ಮೆ ಮ್ಯಾಲೆ ಯಾಕವ್ವ ಆಕದು? ನನ್ ಬೂದಿಯಿಂದ ಆಳಾದೋ ಕಣವ್ವ," ಎಂದು ನಡೆದದ್ದನ್ನೆಲ್ಲ ಹೇಳಿದಳು. "ಅಂಗೇ ಬರ್ಕೊ."

ಮಾನಸ ಹಾಗೇ ಬರೆದುಕೊಂಡರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಓದಿ ಹೇಳಿದರು: "ಐದು ಗೂಡು ಉಳಿದದ್ದೂ ಕೆಂಪಾಜಮ್ಮನವರ ಬೂದಿಯಿಂದಲೇ."

ಕೆಂಪಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹುಟ್ಟು ಕೈಗೆತ್ತಿಕೊಂಡಳು.

"ನಡಿಯವ್ವ. ನಾವಿಲ್ಲೇ ಇದ್ರೆ ಅವು ಮರಿಗೆ ಮೀನು ತರಾಕಿಲ್ಲ."