ಉಮೇದುವಾರನ ಕಲ್ಲು

ತಾಳ್ಮೆಯ ಬಗ್ಗೆ ನನ್ನೆದುರು ಯಾರೂ ಉಪದೇಶ ಮಾಡಬಾರದು. ಇಷ್ಟು ವಯಸ್ಸಾದರೂ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಅದರಲ್ಲೂ ಯಾರಾದರೂ ಜಪಾನಿನ ಗಾದೆ ತೆಗೆದರೆ ನಾನು ಎದ್ದು ಹೋಗುತ್ತೇನೆ.

ಮೂವತ್ತರ ದಶಕದಲ್ಲಿ ನಾನು ಕಾರವಾರದ ಒಂದು ಕಚೇರಿಯಲ್ಲಿ ಉಮೇದುವಾರನಾಗಿದ್ದೆ. ಉಮೇದುವಾರ ಎಂದರೆ ನೌಕರಿಯ ಆಸೆಗೆ ಸಂಬಳವಿಲ್ಲದೆ ದುಡಿಯುವವನು. ಕಾರಕೂನರ ಕಾಗದ ನಕಲು ಮಾಡಬೇಕು, ಅವರ ದೌತಿಗೆ ಮಸಿ ತುಂಬಬೇಕು, ಜಾಗ ಖಾಲಿಯಾದಾಗ 'ಪಾಪ, ಇವನೊಬ್ಬ ಇದ್ದಾನಲ್ಲ' ಎಂದು ಅವರಿಗೆ ನೆನಪಾಗಬೇಕು. ಸದಾಶಿವಗಡದ ಒಂದು ಅಂಗಡಿಯ ಹಿಂದೆ, ಒಣಮೀನು ಇಡುವ ಕೋಣೆಯಲ್ಲಿ ಮಲಗಿ, ದಿನಾ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದೆ. ನನ್ನ ಅಂಗಿಯ ವಾಸನೆಗೆ ಕಾರಕೂನರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಬರೆದ ನಕಲಿಗೆ ಮಾತ್ರ ವಾಸನೆ ಇರುತ್ತಿರಲಿಲ್ಲ!

ಹಟ್ಟಿಕೇರಿಯ ನಮ್ಮ ಕೇರಿಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು ನಾನೊಬ್ಬನೇ. ಅಪ್ಪ ಇರಲಿಲ್ಲ. ಅವ್ವ ಕಂಡವರ ಗದ್ದೆಯಲ್ಲಿ ನಾಟಿ, ಕೊಯ್ಲು ಮಾಡಿ ನನಗೆ ಅಕ್ಕಿ ಕಳಿಸುತ್ತಿದ್ದಳು. ಕೆಸರಿನಲ್ಲಿ ನಿಂತು ನಿಂತು ಅವಳ ಮೊಣಕಾಲು ಆಗಲೇ ಹೋಗಿತ್ತು. ಮಗ ಕಾರಕೂನನಾದ ದಿನ ಗದ್ದೆಯಿಂದ ಕಾಲೆತ್ತುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು.

ಉಮೇದುವಾರನಿಗೆ ಕುರ್ಚಿ ಇಲ್ಲ. ಜಗಲಿಯ ತುದಿಯಲ್ಲೊಂದು ಚಿರೆಕಲ್ಲು. ಅದರ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯಬೇಕು. ಒಂದು ವರ್ಷ ಕಳೆದಾಗ ಖಾಲಿಯಾದ ಜಾಗವೊಂದು ಬೇರೆ ಯಾರಿಗೋ ಹೋಯಿತು. ನಾನು ಅವಲ ಕಾರಕೂನರ ಮುಂದೆ ಹೋಗಿ ನಿಂತೆ. ಕಚೇರಿಯ ಹಿರಿಯ ಗುಮಾಸ್ತರು ಅವರು. ಯಾರ ಹೆಸರು ಸಾಹೇಬರ ಮೇಜಿಗೆ ಹೋಗಬೇಕೆಂದು ಗೊತ್ತುಮಾಡುವವರೂ ಅವರೇ. ಮುಂಬಯಿಯ ಮರಾಠಿ ಪತ್ರಿಕೆಯನ್ನು ಮಡಚಿ, ಕನ್ನಡಕ ತೆಗೆದು ಹೇಳಿದರು:

"ಜಪಾನದಲ್ಲಿ ಒಂದು ಗಾದೆ ಉಂಟು ನೋಡು. ಎಷ್ಟೇ ತಣ್ಣಗಿನ ಕಲ್ಲಾಗ್ಲಿ, ಮೂರು ವರ್ಷ ಕೂತ್ರೆ ಅದೂ ಕಾಯ್ತದೆ. ಹೋಗು, ಕೂತ್ಕೋ."

ಜಪಾನಿಗೆ ಹೋಗಿ ಬಂದವರ ಗತ್ತು! ಅವರು ಕಂಡ ಜಪಾನೆಂದರೆ ಪೇಟೆಯಲ್ಲಿ ಕೊಂಡ ಒಂದು ಛತ್ರಿ. ಅದು ಮೊದಲ ಮಳೆಗಾಲಕ್ಕೇ ಮಗುಚಿಕೊಂಡಿತ್ತು. ಅದೂ ಅಲ್ಲದೆ ಕಾರವಾರದಲ್ಲಿ ಕಲ್ಲು ಕಾಯಲು ಮೂರು ವರ್ಷ ಯಾಕೆ? ಮಧ್ಯಾಹ್ನದ ಬಿಸಿಲಿಗೆ ಎರಡು ತಾಸು ಸಾಕು, ಕುಂಡೆ ಸುಡುತ್ತದೆ. ಇದನ್ನೆಲ್ಲ ಹೇಳಲಿಲ್ಲ. "ಹೌದು ರಾಯರೇ" ಎಂದು ಹೋಗಿ ಕೂತೆ. ನನ್ನ ಮೇಲೆ ನನಗೆ ಇಂದಿಗೂ ಇರುವ ಸಿಟ್ಟು ಅದೇ.

ಊರಿಗೆ ಹೋದಾಗ ಹಲ್ಲು ಕಡಿಯುತ್ತಲೇ ಆ ಗಾದೆಯನ್ನು ಅವ್ವನಿಗೆ ಹೇಳಿದೆ. ಅವಳ ಮುಖ ಅರಳಿತು.

"ಕಲ್ಲು ಕಾಯ್ತದೆ ಅಂದ್ರಾ? ಕಾಯ್ದೆ ಬಿಡ್ತದಾ? ಗದ್ದೆ ತುದಿ ಜಟಕ ದೇವ್ರು ಇಡೀ ಕೇರಿ ಕಾಯ್ತದಲಾ, ಅದೂ ಕಲ್ಲೇ ಅಲ್ದಾ? ನೀ ಕೂತ್ಕ ಮಗಾ."

ಬಿಸಿಯಾಗುವುದಕ್ಕೂ ಕಾವಲಿರುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಅವರು ಹೇಳಿದ್ದು ಒಂದು, ಅವಳು ಕೇಳಿದ್ದು ಇನ್ನೊಂದು. ತಿದ್ದಬೇಕಿತ್ತು, ತಿದ್ದಲಿಲ್ಲ.

ಎರಡನೆಯ ವರ್ಷ ಹೊಸ ಅಕ್ಕಿ ಹೊತ್ತುಕೊಂಡು ಅವಳೇ ಕಾರವಾರಕ್ಕೆ ನಡೆದು ಬಂದಳು. ನಾನು ಒಳಗೆ ಕಾಗದ ಕೊಟ್ಟು ಬರುವಷ್ಟರಲ್ಲಿ ನನ್ನ ಕಲ್ಲಿನ ಮೇಲೆ ಅಬ್ಬಲಿಗೆ ಹೂವಿಟ್ಟು, ತೆಂಗಿನಕಾಯಿ ಒಡೆದು, ಕೈ ಮುಗಿದು ನಿಂತಿದ್ದಳು. ಕಾರಕೂನರೆಲ್ಲ ಕಿಟಕಿಗೆ ಬಂದರು. ಅವಲ ಕಾರಕೂನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ಅವರಿಗೇ ಒಂದು ಕಾಯಿ ಹೋಳನ್ನು ಪ್ರಸಾದವೆಂದು ಕೊಟ್ಟಳು, ನಗುತ್ತಲೇ ತೆಗೆದುಕೊಂಡರು. ನಾನು ಅವಳ ರಟ್ಟೆ ಹಿಡಿದು ಗೇಟಿನಾಚೆ ಎಳೆದುಕೊಂಡು ಹೋಗಿ, "ನಿಂಗೆ ಮಳ್ಳಾ?" ಎಂದು ಬೈದೆ. ನಾನು ಬೈಯಬೇಕಾದವರು ಒಳಗೆ ಕಾಯಿ ಜಗಿಯುತ್ತಿದ್ದರು.

ಮೂರು ವರ್ಷ ತುಂಬಿದ ಬೇಸಿಗೆಯಲ್ಲಿ ಜಾಗ ಖಾಲಿಯಾಯಿತು. ನೇಮಕದ ಆದೇಶವನ್ನು ನಕಲು ಮಾಡಲು ನನ್ನ ಕೈಗೇ ಕೊಟ್ಟರು. ಬರೆಯುತ್ತಾ ಹೆಸರಿನ ಸಾಲಿಗೆ ಬಂದಾಗ ಗೊತ್ತಾಯಿತು, ಅದು ಅವಲ ಕಾರಕೂನರ ಅಳಿಯ. ಒಂದು ದಿನವೂ ಆ ಕಲ್ಲಿನ ಮೇಲೆ ಕೂತವನಲ್ಲ. ನಕಲು ಮುಗಿಸಿದೆ; ಮಸಿ ಚೆಲ್ಲಲಿಲ್ಲ, ಒಂದಕ್ಷರ ತಪ್ಪಲಿಲ್ಲ. ಆಮೇಲೆ ಕುಡಿಯುವ ನೀರಿನ ಕೊಡವನ್ನು ಎತ್ತಿ ತಂದು ಪೂರ್ತಿ ಕಲ್ಲಿನ ಮೇಲೆ ಸುರಿದೆ.

"ಏನೋ ಅದು?" ಅವಲ ಕಾರಕೂನರು ಒಳಗಿನಿಂದ ಕೂಗಿದರು.

"ತಣ್ಣಗೆ ಮಾಡ್ದೆ ರಾಯರೇ. ನಿಮ್ಮ ಅಳಿಯ ಸುರುವಿಂದ ಕೂತ್ಕಳ್ಳಲಿ."

ನಡೆದೇ ಹಟ್ಟಿಕೇರಿ ಮುಟ್ಟಿದೆ. ಅವ್ವ ಅಂಗಳದಲ್ಲಿ ಕಾಲು ಚಾಚಿಕೊಂಡು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನ ಕೈಯ ಬಟ್ಟೆಗಂಟು ನೋಡಿದಳು.

"ಕಲ್ಲು ಕಾಯ್ಲಿಲ್ವಾ ಮಗಾ?"

"ಕಾಯ್ತು ಅವ್ವ," ಅಂದೆ. "ಅವ್ರ ಅಳಿಯನ್ನ ಕಾಯ್ತು."

ಅವಳು ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೌದಲಾ," ಅಂದಳು ಆಮೇಲೆ. "ಕಾಯಿ ತಿಂದವ್ರು ಅವ್ರೇ ಅಲ್ದಾ."

ಮಳೆ ಬಿದ್ದ ಕೂಡಲೇ ಅವಳು ಮತ್ತೆ ಕಂಡವರ ಗದ್ದೆಯ ಕೆಸರಿಗೆ ಇಳಿದಳು. ಅವಳ ಹಿಂದೆ ನಾನೂ ಇಳಿದೆ.