ಕಿಟಕಿಗೆ ಕಟ್ಟಿದ ನೆಗೆಟಿವ್‌ಗಳು

ಎಪ್ಪತ್ತರ ದಶಕದ ಕೊನೆಗೆ ನಾನು ರಾಯಚೂರಿನ ಹೈಸ್ಕೂಲೊಂದರಲ್ಲಿ ಚಿತ್ರಕಲಾ ಮಾಸ್ತರನಾಗಿದ್ದೆ. ದೇವದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ಅದನ್ನು ಮುಚ್ಚಿ ಮಾನ್ವಿಗೆ ಹೊರಟಾಗ, ಗುಜರಿಗೆ ಹೋಗಬೇಕಿದ್ದ ಹಳೆಯ ನೆಗೆಟಿವ್‌ಗಳನ್ನು ಕೇಳಿ ತಂದೆ. ನನ್ನನ್ನು ಸೆಳೆದದ್ದು ಅವುಗಳೊಳಗಿನ ಜನರಲ್ಲ. ಫಿಲ್ಮಿನ ನುಣುಪು, ಬೆಳಕಿಗೆ ಹಿಡಿದರೆ ಕಾಣುವ ಹೊಗೆಬಣ್ಣ. ಅಂಚಿಗೆ ಅಂಚು ಕೂಡಿಸಿ, ದಾರದಿಂದ ಹೊಲಿದು, ಪರದೆಯಂತೆ ಮೂಡಲ ಕಿಟಕಿಗೆ ಕಟ್ಟಿದೆ. ನಾನು ಬಿಡಿಸಿದ ಯಾವ ಚಿತ್ರವೂ ಅಷ್ಟು ಚೆಲುವಾಗಿರಲಿಲ್ಲ.

ಹೆಂಡತಿಗೆ ಮಾತ್ರ ಅದು ಸರಿಬರಲಿಲ್ಲ. “ಯಾರ್ಯಾರದೋ ಮಕ ಮನ್ಯಾಗ ತೂಗಹಾಕೀರಿ. ಇದರಾಗ ಸತ್ತವರು ಎಷ್ಟು ಮಂದಿ ಅದಾರೋ” ಎಂದಳು. ಆಮೇಲೆ ನನಗೂ ಅತ್ತ ನೋಡುವಾಗ ಒಂಥರಾ ಅಳುಕು.

ಬೇಸಿಗೆಯಲ್ಲಿ ಗೆಳೆಯ ಹೇಳಿಕಳಿಸಿದ. ದೇವದುರ್ಗದ ಕಡೆಯ ಗಬ್ಬೂರಿನ ತಾಯಿಯೊಬ್ಬಳು ನನ್ನಲ್ಲಿಗೆ ಬರುತ್ತಾಳಂತೆ. ತೀರಿಹೋದ ಮಗಳ ಒಂದೇ ಫೋಟೋವನ್ನು ಗೆದ್ದಲು ತಿಂದಿದೆ, ನೆಗೆಟಿವ್ ಬೇಕಂತೆ.

ಪರದೆ ಇಳಿಸಿ ನೋಡಿದೆ. ಬಿಸಿಲಿಗೆ ಫಿಲ್ಮುಗಳು ಮುರುಟಿದ್ದವು. ಸ್ಟುಡಿಯೋದ ಅದೇ ಕುರ್ಚಿಯ ಪಕ್ಕ ಎರಡು ಜಡೆಯ ಹುಡುಗಿಯರು ಹಲವರು. ಯಾರು ಅವಳ ಮಗಳು? ಹೊಲಿಯುವಾಗ ಸೂಜಿ ಆ ಹುಡುಗಿಯ ಕಣ್ಣಿಗೇ ಹೋಗಿದ್ದರೆ?

ಆ ತಾಯಿ ಬಂದು, ನೀರೂ ಕುಡಿಯದೆ ಕಿಟಕಿಯ ಬಳಿ ಕುಳಿತು ಒಂದೊಂದನ್ನೇ ಬೆಳಕಿಗೆ ಹಿಡಿದಳು. ಒಂದನ್ನು ಕೆಳಗಿಡಲಿಲ್ಲ.

“ಇಕಿನ ನೋಡ್ರಿ ಮಾಸ್ತರ. ಕೂದಲಾ ಯಾಕ ಬೆಳ್ಳಗಾಗ್ಯಾವ?”

ನೆಗೆಟಿವ್‌ನಲ್ಲಿ ಕಪ್ಪು ಬಿಳಿಯಾಗಿ ಕಾಣುತ್ತದೆಂದು ತಿಳಿಸಿದೆ. ಅವಳು ಮತ್ತೆ ನೋಡಿ, “ಮುದುಕ್ಯಾಗಿದ್ರ ಹಿಂಗ ಇರ್ತಿದ್ಲೇನೋ” ಎಂದಳು.

ಸೂಜಿಯ ತೂತು ಮುಖಕ್ಕೆ ತಾಗಿರಲಿಲ್ಲ, ಕಿವಿಯ ಕೆಳಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದಾಗ ಅಲ್ಲಿ ಕರಿ ಚುಕ್ಕೆ ಬಿದ್ದಿತ್ತು. ಅವಳು ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಅದು ನನ್ನ ಸೂಜಿಯ ಗುರುತೆಂದು ಹೇಳಿ, ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಚುಕ್ಕೆಯ ಮೇಲೆ ಬೆರಳಿಟ್ಟು, “ಕಿವಿ ಚುಚ್ಚಿಸಿದಾಗ ಭಾಳ ಅತ್ತಿದ್ಲ್ರಿ” ಎಂದಳು. ಪ್ರಿಂಟು, ನೆಗೆಟಿವ್ ಎರಡನ್ನೂ ಸೆರಗಿಗೆ ಕಟ್ಟಿಕೊಂಡು ಗಬ್ಬೂರಿನ ಬಸ್ಸು ಹತ್ತಿದಳು.

ಮನೆಗೆ ಬಂದು ಹೆಂಡತಿಯ ಜೊತೆ ಕುಳಿತು ದಾರವೆಲ್ಲ ಕತ್ತರಿಸಿದೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಟ್ರಂಕಿಗೆ ಹಾಕಿದೆವು. ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ಆದರೂ ಎಷ್ಟೋ ವರ್ಷ, ಬಾಗಿಲ ಚಿಲಕ ಸದ್ದಾದರೆ ಮೊದಲು ಟ್ರಂಕಿನತ್ತ ನೋಡುತ್ತಿದ್ದೆ.