ಮೂರು ನಿಮಿಷದ ಟ್ರಂಕ್ ಕಾಲ್

ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೂವರು ಹುಡುಗಿಯರು ಬಾಡಿಗೆಗಿದ್ದರು. ಹಿರಿಯಳು ಶಾಲೆಯ ಟೀಚರು. ಕಿರಿಯಳು ವಕೀಲರ ಕಚೇರಿಯಲ್ಲಿ ಟೈಪಿಸ್ಟು. ಸದಾ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡುತ್ತಿದ್ದುದರಿಂದ ಮಿಕ್ಕಿಬ್ಬರು ಅವಳನ್ನು ಗಡಿಬಿಡಿ ಎನ್ನುತ್ತಿದ್ದರು. ನಡುವಿನವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ನಿದ್ದೆಯಲ್ಲೂ ‘ನಂಬರ್ ಹೇಳಿ’ ಎಂದು ಕನವರಿಸುತ್ತಾಳೆಂದು ಗಡಿಬಿಡಿ ಬೀದಿಗೆಲ್ಲ ಸಾರಿಬಿಟ್ಟಿದ್ದಳು.

ಮೂವರಿಗೂ ಒಂದೇ ಬಚ್ಚಲು, ಒಂದೇ ಕನ್ನಡಿ. ಗಡಿಬಿಡಿ ಕೈಗೆ ಸಿಕ್ಕ ಬಾಚಣಿಗೆಯಲ್ಲಿ ತಲೆ ಬಾಚಿ, ಕೂದಲನ್ನು ಅದರಲ್ಲೇ ಬಿಟ್ಟು ಹೋಗುತ್ತಿದ್ದಳು. ಆ ಬುಧವಾರವೂ ಅದಕ್ಕೇ ಜಗಳವಾಗಿ, ಆಪರೇಟರು ಮುಖ ಗಂಟು ಹಾಕಿಕೊಂಡೇ ಡ್ಯೂಟಿಗೆ ಹೋದಳು.

ಹನ್ನೊಂದು ಗಂಟೆಗೆ ಊರಿನ ಆಸ್ಪತ್ರೆಯಿಂದ ಪರವೂರಿಗೊಂದು ಟ್ರಂಕ್ ಕಾಲ್ ಬಂತು. ಪಕ್ಕದ ಜಿಲ್ಲೆಯ ಸೈಕಲ್ ಅಂಗಡಿಯೊಂದರ ನಂಬರು ಕೇಳಿದರು. ಅದು ಗಡಿಬಿಡಿಯ ಅಣ್ಣನ ಅಂಗಡಿ. ಲೈನು ಕೊಟ್ಟ ಮೇಲೆ ಆಪರೇಟರು ಮಾತು ಕೇಳಿಸಿಕೊಳ್ಳಬಾರದೆಂಬುದು ನಿಯಮ. ಅವಳು ಕೇಳಿಸಿಕೊಂಡಳು. ನಿಮ್ಮ ತಂಗಿ ಹೊರಟ ಬಸ್ಸನ್ನು ಹತ್ತಲು ಹೋಗಿ ಬಿದ್ದಳು, ಇಲ್ಲಿಗೆ ತರುವಷ್ಟರಲ್ಲಿ ಜೀವ ಹೋಗಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಆ ಕಡೆ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು ಕೇಳುತ್ತಲೇ ಇತ್ತು. ಟ್ರಂಕ್ ಕಾಲಿಗೆ ಮೂರು ಮೂರು ನಿಮಿಷಕ್ಕೆ ದುಡ್ಡು; ಎದುರಿನ ಗಡಿಯಾರ ನೋಡಿ ಆಪರೇಟರು ರೂಢಿಯಂತೆ ನಡುವೆ ಬಾಯಿಹಾಕಿದಳು.

“ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?”

“ಬೇಡ,” ಎಂದ ಅಣ್ಣ.

ಅವಳು ಪ್ಲಗ್ಗು ಕಿತ್ತಳು. ಬೋರ್ಡಿನ ಮೇಲೆ ಮತ್ತೊಂದು ಕರೆಯ ದೀಪ ಹೊತ್ತಿಕೊಂಡಿತು. ಯಾರೋ ಸಿಮೆಂಟ್ ಗೋದಾಮು ಕೇಳಿದರು, ಕೊಟ್ಟಳು. ಎರಡು ಗಂಟೆಗೆ ಡ್ಯೂಟಿ ಮುಗಿಯುವವರೆಗೂ ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಶಾಲೆಗೆ ನಡೆದುಹೋಗಿ, ಟೀಚರನ್ನು ತರಗತಿಯಿಂದ ಹೊರಗೆ ಕರೆದು ತಿಳಿಸಿದಳು. ಟೀಚರು ಗೋಡೆ ಹಿಡಿದುಕೊಂಡು ಅತ್ತಳು. ಇವಳ ಕಣ್ಣು ಒದ್ದೆಯಾಗಲಿಲ್ಲ. ಸಂಜೆ ಹಸಿವಾಯಿತು, ಉಂಡಳು.

ಮುಂದಿನ ವಾರ ಅಣ್ಣ ಸಾಮಾನು ಒಯ್ಯಲು ಬಂದ. ಟೀಚರು ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬಿದಳು. ಆಪರೇಟರು ಹಾಸಿಗೆ ಸುತ್ತಿ ಹಗ್ಗ ಬಿಗಿದಳು. ನೀರು ತಂದು “ತಗೊಳ್ಳಿ ಅಣ್ಣಾ” ಎಂದಾಗ ಅವನು ತಲೆಯೆತ್ತಿದ.

“ಅವತ್ತು ಫೋನಲ್ಲಿ ಮಾತಾಡಿದ್ದು ನೀವೇನಾ?”

“ಹೌದು.”

“ಗೊತ್ತಿದ್ದೂ ಮೂರು ನಿಮಿಷ ಆಯ್ತು ಅಂದ್ರಾ?”

“ಅಂದೆ. ಬೇರೆ ಏನು ಹೇಳ್ಬೇಕು ಅಂತ ತಿಳೀಲಿಲ್ಲ.”

ಅವನು ಬೈಯುತ್ತಾನೆಂದು ಅವಳು ಕಾದಳು, ಬೈದಿದ್ದರೆ ಒಳ್ಳೆಯದಿತ್ತು. ಅವನು ನೀರು ಕುಡಿದು ಲೋಟ ಕೆಳಗಿಟ್ಟ.

“ನಂಗೂ ತಿಳೀಲಿಲ್ಲಮ್ಮ,” ಎಂದ. “ಬೇಡ ಅಂದ್ಬಿಟ್ಟೆ. ಎಲ್ಲಿಗೆ ಬರ್ಬೇಕು ಅಂತಾನೂ ಕೇಳ್ಲಿಲ್ಲ.”

ಪೆಟ್ಟಿಗೆಯನ್ನು ಮೆಟ್ಟಿಲಿಳಿಸಲು ಅವಳೂ ಒಂದು ಕಡೆ ಹಿಡಿದಳು.

ತಿಂಗಳಾದ ಮೇಲೆ ಆಪರೇಟರು ಕಿವಿ ನೋವೆಂದು ಬರೆದುಕೊಟ್ಟು, ಬೇರೆ ವಿಭಾಗಕ್ಕೆ ಹಾಕಿರೆಂದು ಕೇಳಿಕೊಂಡಳು. ಡಾಕ್ಟರು ಪರೀಕ್ಷೆ ಮಾಡಿ, ಕಿವಿಗೆ ಏನೂ ಆಗಿಲ್ಲ ಎಂದರು. ಹಾಗಾಗಿ ಅದೇ ಬೋರ್ಡಿನ ಮುಂದೆ ಇನ್ನೂ ಒಂಬತ್ತು ವರ್ಷ ಕುಳಿತಳು. ಅಷ್ಟರಲ್ಲಿ ಟೀಚರಿಗೆ ದೂರದೂರಿಗೆ ವರ್ಗವಾಯಿತು. ಆ ಕೋಣೆಗಳಿಗೆ ಒಬ್ಬ ನರ್ಸು ಬಂದಳು. ಟೀಚರು ಬರೆದ ಮೊದಲ ಕಾಗದದಲ್ಲಿ, ಅವಳಿಗಾಗಿ ಒಂದು ದಿನವಾದರೂ ಅತ್ತಿದ್ದೀಯೇನೇ ಎಂದು ಕೇಳಿದ್ದಳು. ಆಪರೇಟರು ಎರಡು ದಿನ ಬಿಟ್ಟು ಉತ್ತರ ಬರೆದಳು: ಬಚ್ಚಲಿನ ನಲ್ಲಿ ರಿಪೇರಿಯಾಗಿದೆ, ನರ್ಸು ಒಳ್ಳೆಯವಳು, ಮಾತು ಕಡಿಮೆ.